ಹಗೇವಿನ ರಾಗಿ ಯಾವ ಕಾಲಂಗೆ?



‘ರಾಜ್ಯದ ಆರ್ಥಿಕತೆಯಲ್ಲಿ ಕೃಷಿಯ ಮಹತ್ವ’ ಎಂದು ಆಹ್ವಾನ ಪತ್ರಿಕೆಯಲ್ಲಿದೆ. ಈ ವಿಷಯಕ್ಕೆ ಮೈಕು ಹಿಡಿದಾಗಲೆಲ್ಲ ಸಭೆಯಲ್ಲಿ ಒಬ್ಬರು ಎದ್ದು ಕೇಳುತ್ತಾರೆ: 2011ರ ಜನಗಣತಿಯಲ್ಲಿ ಕರ್ನಾಟಕದ ದುಡಿಯುವವರಲ್ಲಿ 100ಕ್ಕೆ 49 ಮಂದಿ ರೈತರು, ಕೃಷಿ ಕೂಲಿಗಳು, ಆದಾಯದಲ್ಲಿ ಕೃಷಿಯ ಪಾಲು ಮಾತ್ರ ಐದರಲ್ಲೊಂದೂ ಇಲ್ಲ, ಯಾಕೆ? ‘ಉತ್ಪಾದಕತೆ ಕಡಿಮೆ’ ಎಂದು ಹೇಳಿ ನಾವು ಕಾಫಿಗೆ ಏಳುತ್ತೇವೆ. ಉತ್ತರ ಸುಳ್ಳಲ್ಲ. ಇಳುವರಿಯ ಬಗ್ಗೆ, ಮಳೆಯಾಶ್ರಿತ ಹೊಲಗಳ ಬಗ್ಗೆ ಎರಡನೇ ಸಾಲಿನಲ್ಲಿ ಕೂತಿರುವವರು ಬರೆದದ್ದನ್ನು ತಿದ್ದುವಷ್ಟು ನಾನು ಓದಿಲ್ಲ. ನನ್ನ ತಕರಾರು ಲೆಕ್ಕದ ಪುಸ್ತಕದ ಮೇಲೆ.

ಸಮೀಕ್ಷೆ ಕೆಲಸಕ್ಕೆ ಸೇರಿದ ಹೊಸತು. ಮಾಗಡಿ ಕಡೆಯ ಹಳ್ಳಿ. ‘ಅಜ್ಜೀ, ರಾಗಿ ಎಷ್ಟೈತೆ?’ ಅಂದೆ. ‘ಇನ್ನೆರಡು ವರ್ಸಕ್ಕಾಯ್ತದೆ ಕಣಪ್ಪ.’ ‘ವರ್ಷ ಬೇಡಮ್ಮ, ಕ್ವಿಂಟಾಲ್ ಹೇಳಿ.’ ಅಜ್ಜಿ ನನ್ನನ್ನು ಹಗೇವಿನ, ಅಂದರೆ ಕಾಳು ಕೂಡಿಡುವ ನೆಲಗುಳಿಯ, ಹತ್ತಿರ ಕರೆದೊಯ್ದಳು. ಬಾಯಿಗೆ ಮೆತ್ತಿದ್ದ ಮಣ್ಣು ಕಿತ್ತು, ಚಪ್ಪಡಿ ಸರಿಸಿ, ಹಿಂದಿನ ದಿನದಿಂದಲೇ ಗಾಳಿಗೆ ಬಿಟ್ಟಿದ್ದರು. ಮಗ ಹಗ್ಗಕ್ಕೆ ಲಾಟೀನು ಕಟ್ಟಿ ಇಳಿಬಿಟ್ಟ. ದೀಪ ಆರಿದರೆ ಇಳಿಯುವ ಹಾಗಿಲ್ಲ. ಆರಲಿಲ್ಲ. ಇಳಿದು ಮಂಕರಿ ತುಂಬಿ ಕೊಟ್ಟ. ಹುಳು ಮುಟ್ಟದ ರಾಗಿ, ಕೈಗೆ ತಣ್ಣಗೆ. ನಾನು ‘2 ವರ್ಷ’ ಎಂದು ಬರೆದುಕೊಂಡು ಬಂದೆ. ವರ್ಷ ಅಳತೆಯಲ್ಲ ಎಂದು ನನ್ನ ಮೇಲಿನವರು ಹೊಡೆದುಹಾಕಿದರು.

ಈಗ ಆ ಸೀಮೆಯ ರಾಗಿ ಬೆಂಬಲ ಬೆಲೆಯ ಖರೀದಿ ಕೇಂದ್ರಕ್ಕೆ ಹೋಗಿ, ಗೋದಾಮಿನಲ್ಲಿ ಕೂತು, ನ್ಯಾಯಬೆಲೆ ಅಂಗಡಿಯಿಂದ ಊರಿಗೇ ಮರಳುತ್ತದೆ. ಲಾರಿ ಬಾಡಿಗೆ, ಗೋದಾಮಿನ ಬಾಡಿಗೆ ಎರಡೂ ಸೇವಾವಲಯದ ಆದಾಯ. ಕಾಯ್ದಿಡುವ ಕೆಲಸ ಅದೇ. ಹಗೇವಿನಲ್ಲಿ ಸೊನ್ನೆ, ಗೋದಾಮಿನಲ್ಲಿ ಬೆಳವಣಿಗೆ! ಕೊಟ್ಟಿಗೆಯಲ್ಲಿ ಕರೆದ ಹಾಲು ಕೃಷಿಯ ಲೆಕ್ಕ, ಡೇರಿ ಅದನ್ನೇ ಕಾಸಿ ಪ್ಯಾಕೆಟ್ಟಿಗೆ ತುಂಬಿದರೆ ಕೈಗಾರಿಕೆ. ಬೀಸುಕಲ್ಲು ತಿರುವಿದವಳ ಹೆಸರು ಯಾವ ತಃಖ್ತೆಯಲ್ಲೂ ನಾನು ಕಂಡಿಲ್ಲ. ಕೃಷಿಯ ಪಾಲು ಕುಸಿಯಿತು ಅನ್ನುತ್ತೀರಲ್ಲ, ಅದರಲ್ಲಿ ನಿಜವಾಗಿ ಕುಸಿದದ್ದೆಷ್ಟು, ಬರೀ ಕಾಲಂ ಬದಲಿಸಿದ್ದೆಷ್ಟು? ನಲವತ್ತು ವರ್ಷದಿಂದ ಕೂಡಿಸುತ್ತಿದ್ದೇನೆ, ತಾಳೆಯಾಗಿಲ್ಲ.

(ಚೀಟಿ ಬಂತು, ಐದು ನಿಮಿಷವಂತೆ. ಅಧ್ಯಕ್ಷರು ನನ್ನ ವಿದ್ಯಾರ್ಥಿಯಾಗಿದ್ದವರು, ಸೇಡು ತೀರಿಸಿಕೊಳ್ಳುತ್ತಿದ್ದಾರೆ.)

2020ರ ಏಪ್ರಿಲ್–ಜೂನ್, ಆ ಲಾಕ್‌ಡೌನ್ ದಿನಗಳು, ನೆನಪಿದೆಯಲ್ಲ? ಮೊದಲ ಅಂದಾಜಿನಲ್ಲಿ ದೇಶದ ಜಿಡಿಪಿ ಶೇ. 23.9 ಕುಸಿದಿತ್ತು, ಕೃಷಿ ಶೇ. 3.4 ಬೆಳೆದಿತ್ತು. 3.4ಕ್ಕೆ ಎಲ್ಲರೂ ಚಪ್ಪಾಳೆ ತಟ್ಟಿದೆವು. ಬೆಂಗಳೂರಿನಿಂದ ಗಂಟುಮೂಟೆ ಹೊತ್ತು ಬಂದ ಮಕ್ಕಳಿಗೆ ಊರ ಮನೆ ತಿಂಗಳುಗಟ್ಟಲೆ ಹಾಕಿದ ಮುದ್ದೆ ಆ 3.4ರೊಳಗಿಲ್ಲ. ಬೆಳೆದ ರಾಗಿ ಅಷ್ಟೇ ಇತ್ತು, ಉಣ್ಣುವ ಬಾಯಿ ಹೆಚ್ಚಾಗಿತ್ತು. ಹಾಗಾದರೆ ಇಂಥ ಹೊತ್ತಿಗೆಂದೇ ಕೂಡಿಟ್ಟ, ಅಜ್ಜಿಯ ಆ ಎರಡನೇ ವರ್ಷದ ರಾಗಿಗೆ ಯಾವ ಬೆಲೆ ಹಾಕಬೇಕು? ಕಣದ ಬೆಲೆಯೋ, ಅಂಗಡಿಯ ಬೆಲೆಯೋ, ಬರಗಾಲದ ಬೆಲೆಯೋ?

ಮಧ್ಯಾಹ್ನದ ಗೋಷ್ಠಿಯ ತರುಣರಲ್ಲಿ ಯಾರಾದರೂ ಹೇಳುವುದಾದರೆ ಊಟ ಬಿಟ್ಟಾದರೂ ಕೇಳುತ್ತೇನೆ. ಆದರೆ ಮುದ್ದೆ, ಬಸ್ಸಾರು ಇದೆಯೆಂದು ಸಂಘಟಕರು ಆಗಲೇ ಕಿವಿಯಲ್ಲಿ ಹೇಳಿದ್ದಾರೆ. ಹಾಗಾಗಿ ದಯವಿಟ್ಟು ಎರಡೂವರೆಯ ಮೇಲೆ ಹೇಳಿ.