ಜೋಳದ ಹೊಲದಲ್ಲಿ ಕಳೆದ ವಿಮಾನ



ರೇಡಿಯೋ ನಿಯಂತ್ರಿತ ಮಾದರಿ ವಿಮಾನವು ಆಳೆತ್ತರದ ಜೋಳದಲ್ಲಿ ಬಿದ್ದರೆ ಹತ್ತು ಹೆಜ್ಜೆಯ ಅಂತರದಲ್ಲಿಯೂ ಕಾಣದು. ಒಡನೆಯೇ ಓಡಿದವರಿಗೆ ದಿಕ್ಕು ತಪ್ಪುತ್ತದೆ. ಒಬ್ಬರು ನಿಂತಲ್ಲಿಯೇ ನಿಂತು, ವಿಮಾನವು ಮರೆಯಾದ ನೇರಕ್ಕೆ ದೂರದ ಬೇವಿನ ಮರವನ್ನೋ ಗುಡಿಯ ಶಿಖರವನ್ನೋ ಗುರುತಾಗಿ ಹಿಡಿಯಬೇಕು. ಬೇರೊಂದು ಒಡ್ಡಿನಿಂದ ಕಂಡವರು ತಮ್ಮ ನೇರವನ್ನು ತಿಳಿಸಬೇಕು. ಎರಡು ರೇಖೆಗಳು ಕೂಡುವೆಡೆಯಲ್ಲಿ ಹುಡುಕಬೇಕು. 1802ರಲ್ಲಿ ಮದರಾಸಿನ ಬಳಿ ಲ್ಯಾಂಬ್ಟನ್ ಆರಂಭಿಸಿದ ಭೂಮಾಪನಕ್ಕೂ ಇಂತಹ ತ್ರಿಕೋನವೇ ಆಧಾರ. ದಿಕ್ಕು ಒಂದು ಡಿಗ್ರಿ ತಪ್ಪಿದರೆ 500 ಮೀಟರ್ ದೂರದಲ್ಲಿ ಸುಮಾರು 9 ಮೀಟರ್ ವ್ಯತ್ಯಾಸವಾಗುತ್ತದೆ.

ಹೊಲದೊಡೆಯರ ಒಪ್ಪಿಗೆ ಪಡೆದು, ಸಾಲುಗಳ ನಡುವೆಯೇ ನಡೆಯಬೇಕು. ತೆನೆ ಮುರಿದರೆ ರೈತನ ಅನ್ನಕ್ಕೆ ಕೊರತೆ. ಹುಡುಕದೆ ಬಿಡುವುದೂ ಸಲ್ಲದು. ಜಜ್ಜಿಹೋದ ಲಿಥಿಯಂ ಬ್ಯಾಟರಿಯು ತಡವಾಗಿಯೂ ಹೊತ್ತಿಕೊಂಡು ಒಣ ಪೈರನ್ನು ಸುಡಬಹುದು. ಅದನ್ನು ಮಕ್ಕಳು ಮುಟ್ಟಬಾರದು.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳ ಮಕ್ಕಳಿಗೆ ಒಡ್ಡು, ಸಾಲು, ಮೂಡಣ, ಪಡುವಣ ಎಂಬವು ಮನೆಯಲ್ಲಿಯೇ ಕೇಳಿದ ಮಾತುಗಳು. ಶಾಲೆಯ ಬಯಲಿನಲ್ಲಿ ಒಂದು ವಸ್ತುವನ್ನು ಅಡಗಿಸಿಟ್ಟು, ಇಬ್ಬರು ಮಕ್ಕಳಿಂದ ಎರಡು ಕಡೆಯ ನೇರವನ್ನು ಆ ಮಾತುಗಳಲ್ಲಿಯೇ ಹೇಳಿಸಿರಿ. ಮೂರನೆಯ ಮಗು ಅದನ್ನು ಕೇಳಿ ಹುಡುಕಲಿ. ಕ್ಷೇತ್ರಗಣಿತವೂ ಕನ್ನಡವೂ ಒಂದೇ ಪಾಠದಲ್ಲಿ ಕೂಡುತ್ತವೆ.