ಹಳೆಯ ಶೀಟು ಕೀಳುವ ಮೊದಲು



ಸುಗ್ಗಿ ಮುಗಿಯಿತು. ಮುಂಗಾರಿಗೆ ಇನ್ನೂ ಕೆಲವು ವಾರ ಇದೆ. ಮನೆಯ ಸೂರು, ಕೊಟ್ಟಿಗೆಯ ಚಾವಣಿ ರಿಪೇರಿ ಮಾಡಿಸುವ ಕಾಲ ಇದು. "ಈ ಸಾರಿ ಆ ಹಳೇ ಸಿಮೆಂಟ್ ಶೀಟು ಕಿತ್ತು ಹಾಕಿಬಿಡೋಣ, ಅಪ್ಪನ ಕಾಲದ್ದು, ಮೂಲೆಯೆಲ್ಲ ಒಡೆದಿದೆ" ಅಂತ ಎಷ್ಟೋ ಮನೆಗಳಲ್ಲಿ ಮಾತು ನಡೆದಿರಬಹುದು. ಕೀಳಿಸಿ, ಬೇಡವೆನ್ನುವುದಿಲ್ಲ. ಆದರೆ ಸುತ್ತಿಗೆ ಕೈಗೆ ತೆಗೆದುಕೊಳ್ಳುವ ಮೊದಲು ಸ್ವಲ್ಪ ಹೊತ್ತು ಈ ಮಾತಿಗೆ ಕಿವಿಗೊಡಿ.

ನಾವು ಸಿಮೆಂಟ್ ಶೀಟು ಅನ್ನುವ, ಅಲೆಅಲೆಯಾಗಿರುವ ಆ ಬೂದು ಬಣ್ಣದ ಶೀಟಿನಲ್ಲಿ ಬರೀ ಸಿಮೆಂಟು ಇರುವುದಿಲ್ಲ. ಸಾಮಾನ್ಯವಾಗಿ ನೂರಕ್ಕೆ ಸುಮಾರು ಹತ್ತು ಪಾಲು ಆಸ್‌ಬೆಸ್ಟಾಸ್ ಸೇರಿರುತ್ತದೆ. ಕನ್ನಡದಲ್ಲಿ ಅದಕ್ಕೆ ಕಲ್ನಾರು ಎಂದು ಹೆಸರು. ಇದು ಕಲ್ಲೂ ಹೌದು, ನಾರೂ ಹೌದು. ಭೂಮಿಯಿಂದ ಅಗೆದು ತೆಗೆಯುವ ಖನಿಜ, ಆದರೆ ಬಿಡಿಸಿದರೆ ಪುಂಡಿ ನಾರಿನ ಹಾಗೆ ಎಳೆಎಳೆಯಾಗಿ ಬರುತ್ತದೆ. ನಮ್ಮ ಹಾಸನ ಜಿಲ್ಲೆಯ ಹೊಳೆನರಸೀಪುರದ ಕಡೆಯ ನೆಲದಲ್ಲೂ ಈ ಕಲ್ಲು ಉಂಟು. ಬೆಂಕಿಗೆ ಬೇಯುವುದಿಲ್ಲ, ನೀರಿಗೆ ಕೊಳೆಯುವುದಿಲ್ಲ, ಗೆದ್ದಲಿಗೆ ಜಗ್ಗುವುದಿಲ್ಲ. ಹುಲ್ಲು ಹೊದಿಸಿದ ಮನೆಯಲ್ಲಿ ಬೆಂಕಿಯ ಭಯದಲ್ಲೇ ಬಾಳಿದ ನಮ್ಮ ಹಿರಿಯರು ಇದನ್ನು ಹಾಕಿಸಿದ್ದರಲ್ಲಿ ತಪ್ಪೇನೂ ಇಲ್ಲ. ಆಗ ಕೈಗೆಟಕುವ ಬೆಲೆಗೆ ಸಿಕ್ಕ ಗಟ್ಟಿ ಸೂರು ಅದು.

ಹಾಗಾದರೆ ಕೇಡು ಎಲ್ಲಿದೆ? ಕೇಡು ಇರುವುದು ಅದರ ಧೂಳಿನಲ್ಲಿ. ಶೀಟು ಒಡೆದಾಗ, ಕೊರೆದಾಗ, ಕೊಯ್ದಾಗ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳು ಗಾಳಿಗೆ ಸೇರುತ್ತವೆ. ಉಸಿರಿನ ಜೊತೆ ಎದೆಗೂಡಿನ ಆಳಕ್ಕೆ ಇಳಿಯುತ್ತವೆ. ರಾಗಿ ತೂರುವಾಗ ಮೂಗಿಗೆ ಹೋದ ಧೂಳು ಸೀನಿದರೆ, ಕೆಮ್ಮಿದರೆ ಬಹುಮಟ್ಟಿಗೆ ಹೊರಗೆ ಬರುತ್ತದೆ. ಇದು ಹಾಗಲ್ಲ. ಒಳಗೆ ನೆಟ್ಟ ಎಳೆ ಕರಗುವುದೂ ಇಲ್ಲ, ಸುಲಭವಾಗಿ ಹೊರಬರುವುದೂ ಇಲ್ಲ. ಧೂಳು ಕುಡಿದ ದಿನ ಏನೂ ಆಗುವುದಿಲ್ಲ. ಮಾರನೇ ವರ್ಷವೂ ಏನೂ ಕಾಣುವುದಿಲ್ಲ. ಇಪ್ಪತ್ತು, ಮೂವತ್ತು, ನಲವತ್ತು ವರ್ಷದ ಮೇಲೆ ಶ್ವಾಸಕೋಶ ಗಡುಸಾಗಿ ಮೇಲುಸಿರು ಬರಬಹುದು. ಶ್ವಾಸಕೋಶದ ಕ್ಯಾನ್ಸರ್ ಆಗಬಹುದು. ಶ್ವಾಸಕೋಶದ ಸುತ್ತಲಿನ ಪೊರೆಗೇ ಕ್ಯಾನ್ಸರ್ ಹತ್ತಬಹುದು. ಕಲ್ನಾರಿನ ಎಲ್ಲ ಬಗೆಗಳೂ ಕ್ಯಾನ್ಸರಿಗೆ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೀಡಿ ಸೇದುವವರಿಗಂತೂ ಅಪಾಯ ಹಲವು ಪಟ್ಟು ಹೆಚ್ಚು. ಹೊರದೇಶಗಳಲ್ಲಿ ಕಲ್ನಾರಿನ ಕಾರ್ಖಾನೆಗೆ ಕಾಲಿಡದ ಹೆಂಗಸರಿಗೂ ಈ ರೋಗ ಬಂದದ್ದುಂಟು. ಅವರು ಮಾಡಿದ್ದು ಇಷ್ಟೇ: ದುಡಿದು ಬಂದ ಗಂಡನ ಬಟ್ಟೆ ಜಾಡಿಸಿ ಒಗೆದದ್ದು.

ಇದನ್ನು ಕೇಳಿ ಗಾಬರಿಯಾಗಿ ಇವತ್ತೇ ಶೀಟು ಕಿತ್ತೆಸೆಯಲು ಹೊರಡಬೇಡಿ. ಅದೇ ದೊಡ್ಡ ತಪ್ಪು. ಗಟ್ಟಿಯಾಗಿರುವ ಶೀಟಿನಲ್ಲಿ ಸಿಮೆಂಟು ನಾರನ್ನು ಹಿಡಿದಿಟ್ಟಿರುತ್ತದೆ. ಅದನ್ನು ಕೆಣಕದೆ ಬಿಟ್ಟರೆ ಧೂಳು ಏಳುವುದು ತೀರ ಕಡಿಮೆ. ಆದ್ದರಿಂದ ಮೊದಲ ಕೆಲಸ ಕೀಳುವುದಲ್ಲ, ನೋಡುವುದು. ಇದಕ್ಕೆ ಸರ್ವೆ ಅನ್ನುತ್ತಾರೆ. ಜಮೀನಿನ ಸರ್ವೆ ನಿಮಗೆ ಗೊತ್ತೇ ಇದೆ. ಇದು ಮನೆಯ ಸರ್ವೆ.

ಬ್ರಿಟನ್ನಿನಲ್ಲಿ ಕಲ್ನಾರಿನ ಬಳಕೆಯನ್ನು 1999ರಲ್ಲಿ ಪೂರ್ತಿ ನಿಲ್ಲಿಸಿದರು. ಆದರೂ ಹಳೆಯ ಕಟ್ಟಡಗಳಲ್ಲಿ ಅದು ಉಳಿದೇ ಇದೆ. ಹಾಗಾಗಿ ಅಲ್ಲಿ ಅಂಗಡಿ, ಕಚೇರಿ, ಕಾರ್ಖಾನೆಗಳ ಹೊಣೆ ಹೊತ್ತವರು ಅದು ಎಲ್ಲೆಲ್ಲಿದೆ ಎಂದು ಪತ್ತೆ ಮಾಡಿ ಬರೆದಿಡಬೇಕು ಎಂದು ಕಾಯಿದೆ ಇದೆ. ಅಲ್ಲಿ ಸರ್ವೆಯಲ್ಲಿ ಎರಡು ಬಗೆ. ಒಂದು, ಕಟ್ಟಡ ಬಳಕೆಯಲ್ಲಿರುವಾಗ ಮಾಡುವುದು. ಇನ್ನೊಂದು, ಒಡೆಯುವ ಅಥವಾ ಮಾರ್ಪಡಿಸುವ ಮೊದಲು ಮಾಡುವುದು. ನಮ್ಮ ದೇಶದಲ್ಲಿ ಕಲ್ನಾರಿನ ಶೀಟು ಇಂದಿಗೂ ತಯಾರಾಗಿ ಮಾರಾಟವಾಗುತ್ತಿದೆ, ನಾರು ಹೊರದೇಶದಿಂದ ಬರುತ್ತಿದೆ. ನಮ್ಮ ಮನೆಯನ್ನು ನಾವೇ ನೋಡಿಕೊಳ್ಳುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಮಕ್ಕಳ ಒಂದು ಹಳೆಯ ನೋಟ್‌ಬುಕ್ಕು, ಒಂದು ಪೆನ್ಸಿಲು ಸಾಕು.

ಹೇಗೆ ಮಾಡುವುದು? ಮುಂಬಾಗಿಲಿನಿಂದ ಹೊರಟು ಹಿತ್ತಲವರೆಗೆ ನಡೆಯಿರಿ. ಮನೆಯ ಸೂರು, ಅಡಿಗೆಮನೆಯ ಹೊಗೆಕೊಳವೆ, ಬಚ್ಚಲು, ಪಾಯಿಖಾನೆಯ ಗಾಳಿಕೊಳವೆ, ಕೊಟ್ಟಿಗೆ, ಕೋಳಿಮನೆ, ರೇಷ್ಮೆ ಹುಳು ಸಾಕುವ ಮನೆ, ಪಂಪ್‌ಮನೆ, ಮಳೆನೀರಿನ ದೋಣಿ ಎಲ್ಲವನ್ನೂ ನೋಡಿ. ಪೇಟೆಯಲ್ಲಿ ಅಂಗಡಿ, ಗೋದಾಮು ಇದ್ದರೆ ಅದನ್ನೂ ನೋಡಿ. ಹಳೆಯ ಅಕ್ಕಿ ಗಿರಣಿ ಇಟ್ಟುಕೊಂಡವರು ಬಾಯ್ಲರಿನ ಸುತ್ತ ಮೆತ್ತಿದ ಬಿಳಿಯ ಹೊದಿಕೆ, ಬಾಗಿಲಿಗೆ ಸುತ್ತಿದ ಹಗ್ಗ ಇವನ್ನು ವಿಶೇಷವಾಗಿ ಗಮನಿಸಿ. ಅಲ್ಲಿ ನಾರು ಸಿಮೆಂಟಿನಲ್ಲಿ ಬಿಗಿದಿರುವುದಿಲ್ಲ. ಬೆರಳಿಗೇ ಉದುರುತ್ತದೆ. ಶೀಟಿಗಿಂತ ಅದು ಎಷ್ಟೋ ಪಾಲು ಅಪಾಯ. ಅದನ್ನು ನೀವಾಗಿ ಮುಟ್ಟಲೇಬೇಡಿ.

ಪುಸ್ತಕದಲ್ಲಿ ಪ್ರತಿಯೊಂದಕ್ಕೂ ಮೂರು ಸಂಗತಿ ಬರೆಯಿರಿ. ಎಲ್ಲಿದೆ? ಗಟ್ಟಿಯಾಗಿದೆಯೋ, ಬಿರುಕು ಬಿಟ್ಟು ಅಂಚು ಪುಡಿಯಾಗುತ್ತಿದೆಯೋ? ಅದರ ಕೆಳಗೆ ಯಾರು ಮಲಗುತ್ತಾರೆ, ಆಡುತ್ತಾರೆ, ಕೆಲಸ ಮಾಡುತ್ತಾರೆ? ಮಗುವಿನ ತೊಟ್ಟಿಲಿನ ಮೇಲಿನ ಬಿರುಕು ಶೀಟಿಗೂ ಪಂಪ್‌ಮನೆಯ ಗಟ್ಟಿ ಶೀಟಿಗೂ ವ್ಯತ್ಯಾಸವಿದೆಯಷ್ಟೆ. ಮೊದಲು ಯಾವುದಕ್ಕೆ ದುಡ್ಡು ಹಾಕಬೇಕು ಎಂಬುದನ್ನು ಆ ಪುಸ್ತಕವೇ ಹೇಳುತ್ತದೆ. ವರ್ಷಕ್ಕೊಮ್ಮೆ, ಮಳೆಗೆ ಮುಂಚೆ, ಮತ್ತೆ ನೋಡಿ.

ಕಲ್ನಾರು ಹೌದೋ ಅಲ್ಲವೋ ಅಂತ ತಿಳಿಯುವುದು ಹೇಗೆ ಎಂದು ಕೇಳುತ್ತೀರಿ. ಶೀಟಿನ ಮೇಲೆ ಐ.ಎಸ್.ಐ. ಮುದ್ರೆಯ ಜೊತೆಗೆ 459 ಎಂಬ ಸಂಖ್ಯೆ ಕಂಡರೆ ಅದು ಕಲ್ನಾರಿನದೇ. ಮುದ್ರೆ ಅಳಿಸಿಹೋಗಿದ್ದರೆ ಬರಿಗಣ್ಣಿಗೆ ಖಚಿತವಾಗಿ ತಿಳಿಯುವುದಿಲ್ಲ. ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕದಿಂದ ನೋಡಬೇಕು. ನೋಡುವುದಕ್ಕೆ ಅಂತ ನೀವೇ ಚೂರು ಮುರಿಯಬೇಡಿ. ಹಳೆಯ ಅಲೆಶೀಟು ಕಂಡರೆ ಕಲ್ನಾರು ಎಂದೇ ಎಣಿಸಿ ನಡೆದರೆ ಕ್ಷೇಮ.

ಈಗ ಕೀಳುವ ಮಾತು. ಕೀಳಲೇಬೇಕಾದಾಗ ಕೆಲಸಕ್ಕೆ ಬರುವ ಮೇಸ್ತ್ರಿಗೆ, ಆಳುಗಳಿಗೆ ಮೊದಲೇ ವಿಷಯ ತಿಳಿಸಿ. ಅವರೂ ಮಕ್ಕಳೊಂದಿಗರು. ಹೆಂಗಸರು, ಮಕ್ಕಳು, ದನಕರು ದೂರವಿರಲಿ. ಕುಡಿಯುವ ನೀರು, ಮೇವು ಮುಚ್ಚಿಡಿ. ಶೀಟನ್ನು ನೀರಿನಿಂದ ಚೆನ್ನಾಗಿ ತೋಯಿಸಿ, ತೋಯಿಸುತ್ತಲೇ ಇರಿ. ಬೋಲ್ಟು ಬಿಚ್ಚಿ ಇಡಿಯಾಗಿ ಇಳಿಸಿ. ಸುತ್ತಿಗೆಯಿಂದ ಬಡಿಯುವುದು, ಕರೆಂಟಿನ ಗರಗಸದಿಂದ ಕೊಯ್ಯುವುದು, ಮೇಲಿನಿಂದ ಎಸೆಯುವುದು ಬೇಡ. ಶೀಟಿನ ಮೇಲೆ ಕಾಲಿಟ್ಟು ನಡೆಯಲೇಬಾರದು. ಹಳೆಯ ಶೀಟು ಥಟ್ಟನೆ ಮುರಿದು ಬಿದ್ದು ಸತ್ತವರುಂಟು. ಮೂಗಿಗೆ ಟವೆಲ್ಲು ಕಟ್ಟಿದರೆ ಸಾಲದು. ಸೂಕ್ಷ್ಮ ಧೂಳು ತಡೆಯುವ, ಮುಖಕ್ಕೆ ಬಿಗಿಯಾಗಿ ಕೂರುವ ಮುಖವಾಡ ಬೇಕು. ಕೆಳಗೆ ಬಿದ್ದ ಪುಡಿಯನ್ನು ಒಣ ಪೊರಕೆಯಲ್ಲಿ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ. ಉಟ್ಟ ಬಟ್ಟೆಯನ್ನು ಜಾಡಿಸದೆ ನೀರಲ್ಲಿ ನೆನೆಹಾಕಿ, ಬೇರೆಯಾಗಿ ಒಗೆಯಿರಿ. ಪಾಚಿ ತೆಗೆಯಲು ತಂತಿ ಬ್ರಷ್ಷಿನಿಂದ ಉಜ್ಜುವ ಅಭ್ಯಾಸವನ್ನೂ ಬಿಡಿ.

ಇನ್ನು ಒಡಕು ಚೂರುಗಳು. ಅಂಗಳದ ಗುಂಡಿಗೆ ತುಂಬುವುದು, ಗಾಡಿದಾರಿಗೆ ಹಾಸುವುದು, ಬೇಲಿಗೆ ಒತ್ತುವುದು ನಮ್ಮಲ್ಲಿ ರೂಢಿ. ಚಕ್ರ ಹತ್ತಿ ಹತ್ತಿ ಅವು ಪುಡಿಯಾಗುತ್ತವೆ. ಮಕ್ಕಳು ಅದೇ ಮಣ್ಣಿನಲ್ಲಿ ಆಡುತ್ತವೆ. ಬೆಂಕಿಗೆ ಹಾಕಿದರೆ ಸಿಡಿಯುತ್ತವೆ. ಆದ್ದರಿಂದ ಒದ್ದೆ ಇರುವಾಗಲೇ ದಪ್ಪ ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಕಟ್ಟಿ, ಮೇಲೆ "ಕಲ್ನಾರು, ಬಿಚ್ಚಬೇಡಿ" ಅಂತ ಬರೆದು ಒಂದು ಕಡೆ ಇಡಿ. ಎಲ್ಲಿಗೆ ಸಾಗಿಸಬೇಕೆಂದು ಗ್ರಾಮ ಪಂಚಾಯಿತಿಯ ಮೂಲಕ ಮಾಲಿನ್ಯ ನಿಯಂತ್ರಣ ಮಂಡಳಿಯನ್ನು ವಿಚಾರಿಸಿ. ಊರಿನಲ್ಲಿ ಹತ್ತು ಮನೆಯವರು ಕೂಡಿ ಕೇಳಿದರೆ ಕೆಲಸ ಬೇಗ ಆಗುತ್ತದೆ.

ಹಿರಿಯರು ಹಾಕಿಸಿದ ಸೂರು ನಮ್ಮನ್ನು ಇಷ್ಟು ವರ್ಷ ಮಳೆಬಿಸಿಲಿನಿಂದ ಕಾಯಿತು. ಅದನ್ನು ಇಳಿಸುವ ಒಂದು ದಿನದ ಆತುರದಲ್ಲಿ ಮಕ್ಕಳ ಮುಂದಿನ ನಲವತ್ತು ವರ್ಷದ ಉಸಿರಿಗೆ ಕೇಡು ತರುವುದು ಬೇಡ. ಮೊದಲು ನೋಡಿ, ಬರೆದಿಡಿ. ಆಮೇಲೆ ಸ್ಪಾನರು ಹಿಡಿಯಿರಿ. ನಾಳೆ ಬೆಳಗ್ಗೆ ಹಾಲು ಕರೆದಾದ ಮೇಲೆ ಕೊಟ್ಟಿಗೆಯ ಚಾವಣಿಯನ್ನು ಒಮ್ಮೆ ತಲೆಯೆತ್ತಿ ನೋಡುತ್ತೀರಲ್ಲವೇ?