ಸೈಟಿನ ಊರಿನಲ್ಲಿ ಬಾಡಿಗೆಯವರು



ನಗರ ಯೋಜನೆ ಮತ್ತು ವಸತಿ ಎಂಬ ವಿಷಯ ಕೊಟ್ಟಿದ್ದೀರಿ. ಅದನ್ನು ಬೆಂಗಳೂರಿನ ಮಟ್ಟಕ್ಕೆ, ಅಲ್ಲೂ ಒಂದೇ ಪ್ರಶ್ನೆಗೆ ಇಳಿಸಿಕೊಳ್ಳುತ್ತೇನೆ. ಸೈಟು ಕೊಳ್ಳುವ ಶಕ್ತಿ ಇಲ್ಲದವರು ಎಲ್ಲಿ ವಾಸ ಮಾಡಬೇಕು ಅಂತ ಈ ಊರಿನ ನಕ್ಷೆ ಬರೆದವರು ಯೋಚಿಸಿದ್ದಾರೆಯೆ? ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಸರ್ಕಾರಗಳು ಸೈಟು ಹಂಚುವುದನ್ನೇ ವಸತಿ ನೀತಿ ಅಂದುಕೊಂಡವು. ಬಾಡಿಗೆ ಮನೆ ಅವರ ಲೆಕ್ಕಕ್ಕೆ ಬರಲೇ ಇಲ್ಲ.

1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಇಕ್ಕಟ್ಟಿನ ಪೇಟೆಯಿಂದ ಜನರನ್ನು ಹೊರತರಬೇಕೆಂದು ಮೈಸೂರು ಸರ್ಕಾರ ಬಸವನಗುಡಿ, ಮಲ್ಲೇಶ್ವರಗಳನ್ನು ಬೆಳೆಸಿತು. ನೇರ ರಸ್ತೆ, ಮನೆಗಳ ಹಿಂದೆ ಕಕ್ಕಸು ತೆಗೆಯುವವರಿಗೆ ಕನ್ಸರ್ವೆನ್ಸಿ ಗಲ್ಲಿ, ಗಾಳಿ ಬೆಳಕು, ಹಿತ್ತಿಲಲ್ಲಿ ಎರಡು ತೆಂಗಿನ ಮರಕ್ಕೆ ಜಾಗ. ಒಳ್ಳೆಯ ಕೆಲಸವೇ. ಆದರೆ ಕಟ್ಟಿಕೊಳ್ಳಬಲ್ಲವರು ಹೊರಗೆ ಬಂದರು, ಆಗದವರು ಹಳೇ ಗಲ್ಲಿಗಳಲ್ಲೇ ಉಳಿದರು. 1945ರಲ್ಲಿ ಸಿಐಟಿಬಿ, ಅಂದರೆ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್, ಹುಟ್ಟಿತು, 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿತ್ತು, 1976ರಲ್ಲಿ ಸಿಐಟಿಬಿಯ ಜಾಗಕ್ಕೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಬಿಡಿಎ, ಬಂತು. ಹೆಸರು ಬದಲಾದರೂ ಕಸುಬು ಅದೇ: ರೈತರ ಜಮೀನು ಸ್ವಾಧೀನ ಮಾಡು, ರಸ್ತೆಗೆ ಬಿಡು, 20×30, 30×40, 40×60 ಅಂತ ಅಳತೆ ಹಾಕು, ಹಂಚು. ಹಂಚುವಾಗ ಹಿಂದೆ ಎಷ್ಟು ಸಲ ಅರ್ಜಿ ಹಾಕಿ ಸಿಗದೆ ಹೋಗಿದೆ ಎಂಬುದಕ್ಕೂ ಬೆಲೆಯಿತ್ತು. ಹಾಗಾಗಿ ಸೈಟು ಕೈಗೆ ಬರುವಷ್ಟರಲ್ಲಿ ತಲೆ ನರೆತಿರುತ್ತಿತ್ತು. ಹಿಂದಿನ ಸಾಲಿನಲ್ಲಿ ಕೆಲವರು ನಗುತ್ತಿದ್ದೀರಿ, ಅನುಭವಸ್ಥರಿರಬೇಕು. ಹೀಗೆ ಬಂದ ಸೈಟುಗಳಲ್ಲಿ ಎಷ್ಟೋ, ಕಲ್ಲುಕಂಬದ ಬೇಲಿ ಸುತ್ತಿಸಿಕೊಂಡು ಮಗಳ ಮದುವೆಗೋ ಮಗನ ಓದಿಗೋ ಕಾಯುತ್ತ ಖಾಲಿ ಬಿದ್ದಿದ್ದವು.

ಹಾಗಾದರೆ ಸೈಟು ಸಿಗದವರು ಎಲ್ಲಿದ್ದರು? ವಠಾರಗಳಲ್ಲಿ. ನಿರಂಜನರು ‘ರಂಗಮ್ಮನ ವಠಾರ’ ಅಂತ ಒಂದು ಕಾದಂಬರಿಯನ್ನೇ ಬರೆದರು. ಮುಂದೆ ಮಾಲೀಕರ ಮನೆ, ಪಕ್ಕದಲ್ಲೊಂದು ಓಣಿ, ಓಣಿಗುಂಟ ಒಂದೂವರೆ ಕೋಣೆಯ ಸಾಲು ಮನೆಗಳು, ಎಲ್ಲರಿಗೂ ಸೇರಿ ಒಂದು ನಲ್ಲಿ, ಒಂದೆರಡು ಕಕ್ಕಸು. ಇದನ್ನು ಹಾಡಿ ಹೊಗಳುವುದು ಬೇಡ. ಬೆಳಗಿನ ಆರು ಗಂಟೆಗೆ ಕಕ್ಕಸಿನ ಮುಂದೆ ಬಕೆಟ್ ಹಿಡಿದು ನಿಂತವರು ಯಾರೂ ಹೊಗಳಲಾರರು. ಆದರೆ ಮಿಲ್ಲಿನ ಕೆಲಸಗಾರ, ಶಾಲೆಯ ಮೇಷ್ಟ್ರು, ಹಪ್ಪಳ ಒತ್ತಿ ಮಕ್ಕಳನ್ನು ಓದಿಸುತ್ತಿದ್ದ ತಾಯಿ, ಇವರೆಲ್ಲ ಊರ ನಡುವೆ, ಕೆಲಸಕ್ಕೆ ನಡೆದುಹೋಗುವಷ್ಟು ಹತ್ತಿರದಲ್ಲಿ ಇರಲು ಸಾಧ್ಯವಾದದ್ದು ವಠಾರದಿಂದ. ಸರ್ಕಾರದ ಒಂದು ಪೈಸೆ ಅದರಲ್ಲಿರಲಿಲ್ಲ. ಇವತ್ತು ಯಾರಾದರೂ ಅಂಥದ್ದನ್ನು, ಕಕ್ಕಸು ಹೆಚ್ಚಿಸಿಯೇ, ಕಟ್ಟಲು ಹೊರಟರೆ ನಕ್ಷೆ ಮಂಜೂರಾಗುವುದಿಲ್ಲ. ಅಕ್ಕಪಕ್ಕ ಸೆಟ್‌ಬ್ಯಾಕ್ ಬಿಡಬೇಕು, ಕಾರು ನಿಲ್ಲಿಸಲು ಜಾಗ ತೋರಿಸಬೇಕು. ಕಾರಿಲ್ಲದವರ ಮನೆಗೂ ಕಾರಿನ ಜಾಗ!

ಒಂದು ಅಪವಾದ ಹೇಳಲೇಬೇಕು. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಬಂದವು. ಈ ಕಾರ್ಖಾನೆಗಳ ಜೊತೆಗೆ ಕಾಲೊನಿಗಳೂ ಬಂದವು. ದೂರವಾಣಿನಗರ, ಜಾಲಹಳ್ಳಿಗಳ ಕ್ವಾರ್ಟರ್ಸ್‌ಗಳಲ್ಲಿ ಬೆಳೆದವರು ಈ ಸಭೆಯಲ್ಲೂ ಇರಬಹುದು. ಎಲ್ಲ ಕಾರ್ಮಿಕರಿಗೂ ಮನೆ ಸಿಗಲಿಲ್ಲ, ನಿಜ. ಆದರೂ ಕೆಲಸ ಕೊಡುವವರು ಮನೆಯ ಲೆಕ್ಕವನ್ನೂ ಹಾಕಬೇಕು ಎಂಬ ತಿಳಿವಳಿಕೆ ಆಗ ಇತ್ತು. ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್‌ಗಳ ಕಾಲಕ್ಕೆ ಅದು ಹೋಯಿತು. ಕಚೇರಿಗಳಿಗೆ ಅನುಮತಿ ಸಿಕ್ಕಿತು, ಅಲ್ಲಿ ದುಡಿಯುವವರು, ಅವರಿಗೆ ಅಡುಗೆ ಮಾಡುವವರು, ಕಾವಲು ಕಾಯುವವರು ರಾತ್ರಿ ಎಲ್ಲಿ ಮಲಗುತ್ತಾರೆ ಅಂತ ಯಾರೂ ಕೇಳಲಿಲ್ಲ. 2001ರಿಂದ 2011ರೊಳಗೆ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ ಸುಮಾರು 65 ಲಕ್ಷದಿಂದ 96 ಲಕ್ಷಕ್ಕೆ ಏರಿತು. ಅಷ್ಟು ಜನರಲ್ಲಿ ಬಹಳ ಮಂದಿಗೆ ತಲೆ ಮೇಲೆ ಸೂರು ಕೊಟ್ಟದ್ದು ಮಾರತ್ತಹಳ್ಳಿ, ಬಿಟಿಎಂ ಕಡೆಯ ಪಿಜಿಗಳು, ಗಾರ್ಮೆಂಟ್ಸ್ ಕಾರ್ಖಾನೆಗಳ ಸುತ್ತಲಿನ ಸಿಂಗಲ್ ರೂಮುಗಳು. ಪಿಜಿ ಇವತ್ತಿನ ವಠಾರ. 2024ರಲ್ಲಿ ಆಗಿನ ನಗರಪಾಲಿಕೆ ಬಿಬಿಎಂಪಿ ಅವುಗಳಿಗೆ ತಲೆಗೆ 70 ಚದರಡಿ ಇರಲಿ ಅಂತ ನಿಯಮ ಮಾಡಿತು. ಅದು ಲೈಸೆನ್ಸಿನ ನಿಯಮ. ಊರಿನ ನಕ್ಷೆಯಲ್ಲಿ ಅವುಗಳಿಗೆ ಈಗಲೂ ಜಾಗವಿಲ್ಲ.

ಸೈಟು ಹಂಚುವ ಕೆಲಸವೇ ಹೇಗೆ ಕುಂಟಿತು ಅಂತ ತೋರಿಸಲು ಈಗ ಕಾರಂತರ ವಿಷಯಕ್ಕೆ ಬರುತ್ತೇನೆ. ಸಾಹಿತ್ಯಾಸಕ್ತರು ಗಾಬರಿಯಾಗಬೇಡಿ, ಹೇಳುತ್ತಿರುವುದು ಡಾ. ಶಿವರಾಮ ಕಾರಂತ ಬಡಾವಣೆಯ ಕಥೆ. 2008ರ ಡಿಸೆಂಬರಿನಲ್ಲಿ ಬಿಡಿಎ 17 ಹಳ್ಳಿಗಳ 3,546 ಎಕರೆಗೆ ಪ್ರಾಥಮಿಕ ಅಧಿಸೂಚನೆ ಹೊರಡಿಸಿತು. ಆಮೇಲೆ ಕೋರ್ಟು, ಜಮೀನು ಕೈಬಿಡುವ ಡಿನೋಟಿಫಿಕೇಷನ್ ಪ್ರಯತ್ನ, ಮತ್ತೆ ಕೋರ್ಟು. ಬಡಾವಣೆ ಮಾಡಲೇಬೇಕು ಅಂತ ಸುಪ್ರೀಂ ಕೋರ್ಟು ಹೇಳಿದ್ದು 2018ರಲ್ಲಿ. ನಡುವಿನ ಹತ್ತು ವರ್ಷ ಜನ ಸುಮ್ಮನಿರುತ್ತಾರೆಯೆ? ರೈತರಿಗೆ ಹಣ ಬೇಕಿತ್ತು, ಮಾರಿದರು. ಆಟೋ ಓಡಿಸುವವರು, ಸಣ್ಣ ನೌಕರರು ಕೃಷಿ ಜಮೀನಿನಲ್ಲೇ ಬಿಟ್ಟ ರೆವಿನ್ಯೂ ಸೈಟು ಕೊಂಡರು, ಸಾಲ ಮಾಡಿ ಮನೆ ಕಟ್ಟಿದರು. ಕಡೆಗೆ ಯಾವ ಮನೆ ಉಳಿಸಬಹುದು ಅಂತ ಗುರುತಿಸಲು ನ್ಯಾಯಮೂರ್ತಿ ಎ.ವಿ. ಚಂದ್ರಶೇಖರ್ ಅವರ ಸಮಿತಿಯನ್ನೇ ಸುಪ್ರೀಂ ಕೋರ್ಟು ನೇಮಿಸಬೇಕಾಯಿತು. ಆ ಮನೆಗಳವರನ್ನು ಅಕ್ರಮದವರು ಅನ್ನುವುದು ಸುಲಭ. ಸಕ್ರಮವಾದದ್ದು ಅವರ ಕೈಗೆಟುಕುವ ಬೆಲೆಗೆ ಎಲ್ಲೂ ಇರಲಿಲ್ಲ ಎಂಬುದನ್ನು ಯಾರು ಹೇಳಬೇಕು? ನಿಯಮ ಮೀರಿದ ಕಟ್ಟಡಗಳನ್ನು ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುವ ಅಕ್ರಮ-ಸಕ್ರಮ ಯೋಜನೆಯೂ 2017ರಲ್ಲಿ ಸುಪ್ರೀಂ ಕೋರ್ಟಿನ ತಡೆಗೆ ಸಿಕ್ಕಿತು. ಪೂರ್ಣ ಮಾನ್ಯತೆಯಿಲ್ಲದ ಬಿ ಖಾತೆಯ ಲಕ್ಷಾಂತರ ಮನೆಗಳವರು ತೆರಿಗೆ ಕಟ್ಟುತ್ತ, ಸಾಲ ಸಿಗದೆ ಬ್ಯಾಂಕಿನ ಬಾಗಿಲಿಂದ ವಾಪಸ್ಸಾಗುತ್ತ ವರ್ಷಗಳನ್ನು ಕಳೆದರು.

ಬಡವರಿಗೆಂದೇ ಕಟ್ಟಿದ ಮನೆಗಳು ಏನಾದವು? ಈಜಿಪುರದ ಇಡಬ್ಲ್ಯೂಎಸ್ ಕ್ವಾರ್ಟರ್ಸ್ ನೆನಪಿರಬಹುದು. ಕಳಪೆ ಕಟ್ಟಡಗಳು ಕುಸಿದವು, ಖಾಸಗಿ ಸಹಭಾಗಿತ್ವದಲ್ಲಿ ಮರುನಿರ್ಮಾಣ, ಜಾಗದ ಒಂದು ಪಾಲು ವಾಣಿಜ್ಯಕ್ಕೆ ಅಂತ ಒಪ್ಪಂದವಾಯಿತು. 2013ರ ಜನವರಿಯ ಚಳಿಯಲ್ಲಿ ಸುಮಾರು 1,500 ಕುಟುಂಬಗಳನ್ನು ಬುಲ್ಡೋಜರ್ ತಂದು ಒಕ್ಕಲೆಬ್ಬಿಸಿದರು. ಕೋರಮಂಗಲದ ಪಕ್ಕದ ಜಮೀನಿಗೆ ಚಿನ್ನದ ಬೆಲೆ ಬಂದಿತ್ತು. ಬಡವರು ಅಲ್ಲಿ ವಾಸವಿದ್ದದ್ದೇ ತೊಡಕಾಯಿತು.

ಇನ್ನು ‘ಕೈಗೆಟುಕುವ ಮನೆ’. 2019ರ ಜಿಎಸ್‌ಟಿ ನಿಯಮದಂತೆ ಮಹಾನಗರದಲ್ಲಿ 60 ಚದರ ಮೀಟರ್, 45 ಲಕ್ಷ ರೂಪಾಯಿಯೊಳಗಿನ ಮನೆ ಈ ಹೆಸರಿಗೆ ಸೇರುತ್ತದೆ, ಕಟ್ಟುತ್ತಿರುವಾಗಲೇ ಕೊಂಡರೆ ಅದಕ್ಕೆ ಶೇ 1ರ ತೆರಿಗೆ. ತಿಂಗಳಿಗೆ 25,000 ದುಡಿಯುವ ಮನೆಯವರು 36 ಲಕ್ಷ ಸಾಲ ಮಾಡಿ ಅದನ್ನು ಕೊಂಡರೆ, ಇಪ್ಪತ್ತು ವರ್ಷದ ಕಂತು ಸಂಬಳವನ್ನೇ ದಾಟುತ್ತದೆ. ಅದಿರಲಿ, ಬಾಡಿಗೆಗೆ ಹೋಗೋಣ ಅಂದರೆ ಹತ್ತು ತಿಂಗಳವರೆಗೂ ಅಡ್ವಾನ್ಸ್ ಕೇಳುವುದು ಬೆಂಗಳೂರಿನ ಪದ್ಧತಿ. ದೇಶದ ನಗರಗಳಲ್ಲಿ 1.88 ಕೋಟಿ ಮನೆಗಳ ಕೊರತೆ ಇದೆ, ಅದರಲ್ಲಿ ಶೇ 95ಕ್ಕೂ ಹೆಚ್ಚು ಬಡ ಮತ್ತು ಕಡಿಮೆ ವರಮಾನದವರದ್ದು ಎಂದು ಕೇಂದ್ರದ ತಜ್ಞರ ತಂಡ 2012ರಲ್ಲಿ ಲೆಕ್ಕ ಹಾಕಿತು. ಅದೇ ನಗರಗಳಲ್ಲಿ 2011ರ ಜನಗಣತಿಗೆ ಸುಮಾರು 1.1 ಕೋಟಿ ಮನೆಗಳು ಖಾಲಿ ಬಿದ್ದದ್ದು ಕಂಡಿತು. ಬೀಗ ಹಾಕಿದ ಮನೆ ಲಾಭವಾಗಿ ಕಾಣುವ ಕಡೆ ಇನ್ನಷ್ಟು ಸೈಟು ಹಂಚಿ ಏನು ಪ್ರಯೋಜನ?

ಬೇರೆ ದಾರಿ ಇಲ್ಲ ಅನ್ನುವವರಿಗೆ ವಿಯೆನ್ನಾ ನಗರವನ್ನು ತೋರಿಸಬೇಕು. 1923ರಲ್ಲಿ ಅದು ಸಿರಿವಂತರ ಮನೆಗಳಿಗೆ ಹೆಚ್ಚು ಬೀಳುವಂತೆ ಒಂದು ವಸತಿ ತೆರಿಗೆ ಹಾಕಿ, ಹತ್ತು ವರ್ಷಗಳಲ್ಲಿ 60,000ದಷ್ಟು ಬಾಡಿಗೆ ಮನೆಗಳನ್ನು ಕಟ್ಟಿತು. ಮಾರಲಿಲ್ಲ, ಬಾಡಿಗೆಗೇ ಇಟ್ಟುಕೊಂಡಿತು.

ನಮ್ಮಲ್ಲಿ 2007ರಲ್ಲಿ ಒಪ್ಪಿಗೆಯಾದ, 2015ರವರೆಗಿನ ಮಾಸ್ಟರ್ ಪ್ಲಾನ್ ಇನ್ನೂ ನಡೆಯುತ್ತ ಬಂದಿದೆ. 2031ರ ಕರಡು ಬಂದು ವಾಪಸ್ಸು ಹೋಯಿತು. 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದಿದೆ, ಯೋಜನೆ ರೂಪಿಸುವ ಹೊಣೆ ಈಗ ಅದರದು. ಹೊಸ ಕರಡು ಬಂದಾಗ ಸಾರ್ವಜನಿಕರಿಂದ ಆಕ್ಷೇಪಣೆ ಕರೆಯಲೇಬೇಕು. ನಮ್ಮ ಮನೆ ಮುಂದಿನ ರಸ್ತೆ ಅಗಲೀಕರಣ ಬೇಡ ಅಂತ ಬರೆಯುವವರು ಸಾವಿರ ಜನ ಇರುತ್ತಾರೆ. ನೀವು ಬೇರೆಯದನ್ನು ಬರೆಯಿರಿ: ಮೆಟ್ರೊ ನಿಲ್ದಾಣಗಳ ಹತ್ತಿರದ ಸರ್ಕಾರಿ ಜಮೀನಿನಲ್ಲಿ ಮಾರಾಟಕ್ಕಿಲ್ಲದ ಬಾಡಿಗೆ ಮನೆಗಳು ಎಷ್ಟು, ಪ್ರತಿ ಹೊಸ ಬಡಾವಣೆಯಲ್ಲಿ ಅದಕ್ಕೆ ಮೀಸಲಿಟ್ಟ ಜಾಗ ಎಲ್ಲಿ, ನಕ್ಷೆಯಲ್ಲಿ ತೋರಿಸಿ ಎಂದು. ಒಬ್ಬೊಬ್ಬರೇ ಬರೆಯುವುದರ ಜೊತೆಗೆ ಈ ಸಂಘದ ಹೆಸರಿನಲ್ಲೂ ಒಂದು ಅರ್ಜಿ ಹೋಗಲಿ ಅಂತ ಅಧ್ಯಕ್ಷರಲ್ಲಿ ಕೇಳಿಕೊಳ್ಳುತ್ತೇನೆ.